ಸುತ್ತಲೂ ತಟ್ಟಿದ ಗುರುತು

ಹಾಲ್ಕುರಿಕೆ ರಸ್ತೆಯ ಮೋರಿ ಪಕ್ಕ ಟೆಂಪೊ ಮಗುಚಿ ಬಿದ್ದಿತ್ತು. ರಸ್ತೆ ತುಂಬ ಕರಟ ಚೆಲ್ಲಾಡಿತ್ತು. ಮುಂದಿನ ಎಡಚಕ್ರ ಕಳಚಿ ತೋಟದೊಳಕ್ಕೆ ಉರುಳಿತ್ತು. ಕಾಲು ಮುರಿದುಕೊಂಡ ಡ್ರೈವರ್ ದಿನೇಶ್ ತಿಪಟೂರಿನ ಆಸ್ಪತ್ರೆ ಸೇರಿದ್ದ. ಹಿಂದಿನ ದಿನವಷ್ಟೇ ಆ ಚಕ್ರಗಳಿಗೆ ಗ್ರೀಸ್ ತುಂಬಿದ್ದವನು ನನ್ನ ಗಂಡ ದಯಾನಂದ, ನಮ್ಮದೇ ಗ್ಯಾರೇಜಿನಲ್ಲಿ.

ಟೆಂಪೊ ಮಾಲೀಕ, ಕೊಬ್ಬರಿ ವ್ಯಾಪಾರಿ ಬಸವರಾಜಪ್ಪ ದೂರು ಕೊಟ್ಟ. ಚಕ್ರದ ನಟ್ಟು ಕಳಚದಂತೆ ತಡೆಯುವ ಪಿನ್ನನ್ನೇ ಮೆಕ್ಯಾನಿಕ್ ಹಾಕಿಲ್ಲವಂತೆ. ಸಬ್ ಇನ್ಸ್‌ಪೆಕ್ಟರ್ ವೀರಭದ್ರಯ್ಯನವರು ನನ್ನ ಗಂಡನನ್ನು ಜೀಪು ಹತ್ತಿಸಿದರು. ನನ್ನ ಕೈಗೊಂದು ಬೀಗ ಕೊಟ್ಟು, ಗ್ಯಾರೇಜಿಗೆ ಜಡಿ ಎಂದರು. ನಾನ್ಯಾಕೆ ಜಡಿಯಲಿ? ಬೀಗವನ್ನು ಬ್ಯಾಗಿಗೆ ತುರುಕಿಕೊಂಡು ತೋಟಕ್ಕಿಳಿದೆ.

* * *

ಚಕ್ರದ ನಡುವೆ ಡಸ್ಟ್ ಕ್ಯಾಪ್ ಇನ್ನೂ ಕೂತಿತ್ತು. ಬೇರಿಂಗಿಗೆ ಧೂಳು ಹೋಗದಂತೆ ಮುಚ್ಚುವ ತಗಡಿನ ಪುಟ್ಟ ಬಟ್ಟಲು ಅದು. ಅದನ್ನು ಕೀಳದೆ ಪಿನ್ ಸಿಗುವುದಿಲ್ಲ. ನನ್ನ ಗಂಡನೋ, ಒಂದೇ ಕಡೆ ಸ್ಕ್ರೂಡ್ರೈವರ್ ತುರುಕಿ ಮೀಟುವ ಮಹಾನುಭಾವ. ಮೀಟಿದಲ್ಲಿ ತಗ್ಗು ಗ್ಯಾರಂಟಿ. ಇದಕ್ಕೇ ದಿನಾ ನಮ್ಮಿಬ್ಬರಿಗೂ ಜಗಳ.

ಆ ತಗ್ಗು ಇಲ್ಲೂ ಇತ್ತು. ಆದರೆ ಅಂಚಿನ ಸುತ್ತ ಸಣ್ಣ ಸಣ್ಣ ಪೆಟ್ಟಿನ ಗುರುತುಗಳೂ ಹೊಳೆಯುತ್ತಿದ್ದವು. ಟೆಂಪೊದಲ್ಲೇ ಉಳಿದಿದ್ದ ಬಲಚಕ್ರದ ಕ್ಯಾಪಿನಲ್ಲಿ ತಗ್ಗು ಮಾತ್ರ. ಅಂದರೆ ನನ್ನ ಗಂಡ ಕೆಲಸ ಮುಗಿಸಿದ ಮೇಲೆ ಇನ್ಯಾರೋ ಎಡಗಡೆಯದನ್ನು ಕಿತ್ತಿದ್ದರು, ಒಂದಿಷ್ಟೂ ನಜ್ಜುಗುಜ್ಜು ಮಾಡದೆ. ಎರಡೂ ಕ್ಯಾಪು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ಎಸ್‌ಟಿಡಿ ಬೂತಿನ ಪಕ್ಕದ ಗ್ಯಾರೇಜಿನ ಹುಚ್ಚರಂಗಯ್ಯನಿಗೆ ನಮ್ಮನ್ನು ಕಂಡರಾಗದು. ನೇರವಾಗಿ ಹೋಗಿ ಕೇಳಿಯೇಬಿಟ್ಟೆ. ಬೈದುಕೊಂಡೇ, ತಾನು ಕ್ಯಾಪ್ ಕೀಳುವ ಇಕ್ಕಳ ತೋರಿಸಿದ. ಅದು ಕಚ್ಚಿದರೆ ಎರಡು ಹಲ್ಲಿನ ಗಾಯ ಆಳವಾಗಿ ಉಳಿಯುತ್ತದೆ. ಅವನಲ್ಲ.

ಆಸ್ಪತ್ರೆಗೆ ಹೋದೆ. ದಿನೇಶನ ಪಕ್ಕ ಬಸವರಾಜಪ್ಪನ ಮಗಳು ಸ್ಪಂದನ ಕೂತು ಅಳುತ್ತಿದ್ದಳು. ಇವನನ್ನೇ ಮದುವೆಯಾಗುತ್ತೇನೆಂದು ಅಪ್ಪನಿಗೆ ಮೊನ್ನೆಯಷ್ಟೇ ಹೇಳಿದ್ದಳಂತೆ.

* * *

ಸ್ಟೇಷನ್ನಿನಲ್ಲಿ ಬಸವರಾಜಪ್ಪ ಕುರ್ಚಿಯಲ್ಲಿದ್ದ. ನನ್ನ ಗಂಡ ಕಂಬಿಯ ಹಿಂದೆ. ಮೈಯೆಲ್ಲ ಉರಿದುಹೋಯಿತು.

"ಏನಮ್ಮ, ಬೀಗ ಹಾಕಿದ್ಯಾ?" ಎಂದರು ವೀರಭದ್ರಯ್ಯ.

"ಇಲ್ಲ ಸಾರ್. ಮೊದ್ಲು ಇದ್ನ ನೋಡಿ."

ಎರಡೂ ಕ್ಯಾಪು ಮೇಜಿನ ಮೇಲಿಟ್ಟೆ. ತಗ್ಗು ನನ್ನ ಗಂಡನದು, ಒಪ್ಪಿದೆ. ಸುತ್ತಲಿನ ಪೆಟ್ಟು ಯಾರದು? ಉಂಡೆ ಕೊಬ್ಬರಿ ಬಿರಿಯದಂತೆ ಕರಟ ಬಿಡಿಸುವವರು ತಿರುಗಿಸಿ ತಿರುಗಿಸಿ ಮಚ್ಚಿನ ಬೆನ್ನಲ್ಲಿ ಹೀಗೇ ತಟ್ಟುತ್ತಾರೆ. ತನ್ನ ಕೈಯಲ್ಲಿ ಒಂದು ಉಂಡೆಯೂ ಸೀಳಿಲ್ಲ ಎಂದು ಬಸವರಾಜಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ರಾತ್ರಿ ಟೆಂಪೊ ನಿಂತದ್ದೂ ಅವನ ಅಂಗಳದಲ್ಲೇ.

"ನಮ್ ಕಡೆ ಎಲ್ರಿಗೂ ಬರುತ್ತೆ ಆ ಕೆಲ್ಸ," ಎಂದ ಅವನು.

"ಬರುತ್ತೆ. ಆದ್ರೆ ಮಾರ್ಕೆಟ್ಟಲ್ಲಿ ಕೊಬ್ಬರಿ ಹರಾಜಿರೋ ದಿನ, ಕೊಬ್ಬರಿ ಬುಟ್ಟು ಬರೀ ಕರಟ ಹೇರ್ಸಿದ್ದು ಯಾರು ಬಸವರಾಜಪ್ಪೋರೇ? ಡ್ರೈವರ್ ಸತ್ರೂ ಪರ್ವಾಗಿಲ್ಲ, ಕೊಬ್ಬರಿ ಮಣ್ಣಾಗ್ಬಾರ್ದು, ಅಲ್ವಾ?"

ವೀರಭದ್ರಯ್ಯ ಬಸವರಾಜಪ್ಪನ ಮನೆಯಿಂದ ಮಚ್ಚು ತರಲು ಕಾನ್‌ಸ್ಟೇಬಲ್‌ನನ್ನು ಅಟ್ಟಿದರು. ಅದರ ಬೆನ್ನಿಗೆ ಗ್ರೀಸ್ ಮೆತ್ತಿತ್ತು. ಕೊಬ್ಬರಿ ಮಚ್ಚಿಗೆ ಈ ಸೀಮೆಯಲ್ಲಿ ಯಾರೂ ಗ್ರೀಸ್ ಸೋಕಿಸುವುದಿಲ್ಲ. ಕ್ಯಾಪ್ ಬಿಚ್ಚಿ, ಪಿನ್ ಕಿತ್ತು, ಮತ್ತೆ ಮುಚ್ಚಿದ್ದು ತಾನೇ ಎಂದು ಬಸವರಾಜಪ್ಪ ಒಪ್ಪಿಕೊಂಡ.

"ಮಗೀಗೆ ಹೇಳ್ಬ್ಯಾಡ ಕಣಮ್ಮ," ಎಂದ ತಲೆ ತಗ್ಗಿಸಿ.

"ಹೇಳೇ ಬಂದಿದ್ದೀನಿ," ಎಂದೆ.

ಕಂಬಿ ಬಾಗಿಲು ತೆರೆಯಿತು. ವೀರಭದ್ರಯ್ಯನವರ ಬೀಗವನ್ನು ಮೇಜಿನ ಮೇಲೆ ಇಟ್ಟು, ಗಂಡನ ಕೈ ಹಿಡಿದುಕೊಂಡು ಗ್ಯಾರೇಜಿಗೆ ಹೊರಟೆ.