ಲಾಗ್ ಆನ್ ಇರುವವರೆಗೆ

“ನನ್ನ ಮೌಸ್ ಮುಟ್ಬೇಡಿ ಅಂತ ಹೇಳಿದ್ನಲ್ಲಾ!”

“ಮೇಡಂ, ನಾನಿನ್ನೂ ಕನೆಕ್ಟೇ ಆಗಿಲ್ಲ.”

ಫೋನ್ ಹಿಡಿದಿದ್ದ ಯಶಶ್ರೀ ನಾಲಿಗೆ ಕಚ್ಚಿಕೊಂಡಳು. ಎನ್.ಆರ್. ಕಾಲೋನಿಯ ಮನೆಯಲ್ಲಿ ಕೂತು ಮದುವೆ ವಿಡಿಯೋ ಎಡಿಟ್ ಮಾಡುವುದು ಅವಳ ಕೆಲಸ. ದೊಡ್ಡ ಕಂಪ್ಯೂಟರ್ ಇರುವುದು ಚಾಮರಾಜಪೇಟೆಯ ಸ್ಟುಡಿಯೋದಲ್ಲಿ. ಅದರ ಪರದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅವಳ ಲ್ಯಾಪ್‌ಟಾಪಿಗೆ ಬರುತ್ತದೆ. ಆ ಕಂಪ್ಯೂಟರ್ ಹೊಸದಾಗಿ ಬಂದಾಗಿನಿಂದ ಬೆಳಿಗ್ಗೆ ಹೊತ್ತು ಕರ್ಸರ್ ತಾನಾಗಿಯೇ ಓಡಾಡುತ್ತಿತ್ತು. ಆಮೇಲೆ ಪರದೆ ಪೂರ್ತಿ ಕಪ್ಪು. ವಧುವಿನ ತಲೆ ಮೇಲೆ ಅಕ್ಷತೆ ಬೀಳುವ ಹೊತ್ತಿಗೇ ಎಲ್ಲ ಮಾಯವಾಗುತ್ತಿತ್ತು.

ಫೋನಿನ ಆ ಕಡೆಯಿದ್ದ ಕಂಪ್ಯೂಟರ್ ಸಪೋರ್ಟಿನ ಗೌರೀಶ್ ಬೇಜಾರು ಮಾಡಿಕೊಳ್ಳಲಿಲ್ಲ. “ಸರ್ವರ್ ಲಾಗ್ ಆಫ್ ಇದೆ, ಆನ್ ಮಾಡಿ. ಆ ಕಂಪ್ಯೂಟರಲ್ಲಿ ಏನೇನ್ ನಡೀತು ಅಂತ ಬರ್ಕೊಳ್ಳತ್ತೆ. ತೊಂದ್ರೆ ಬಂದ್ಮೇಲೆ ನಂಗೆ ಕಳ್ಸಿ.”

ಆನ್ ಮಾಡಿದಳು, ಕಳಿಸಿದಳು. ಅವನು ಫೋನ್ ಮಾಡಿದ. ಮರುದಿನವೂ ಮಾಡಿದ. ತಿಂಡಿ ಏನು ಎಂದು ಕೇಳದೆ ಅವನು ಲಾಗ್ ಓದಲು ಶುರುಮಾಡುತ್ತಿರಲಿಲ್ಲ. ಕಂಪ್ಲೇಂಟ್ ಮುಗಿದರೆ ಈ ಫೋನೂ ನಿಂತುಹೋಗುತ್ತದಲ್ಲ ಎಂದು ಯಶಶ್ರೀಗೆ ಸಂಕಟ. ಕಂಪ್ಯೂಟರ್ ಸರಿಹೋಗದಿರಲಿ ಎಂದು ದೇವರನ್ನು ಬೇಡಿಕೊಂಡ ಎಡಿಟರ್ ಊರಲ್ಲಿ ಇನ್ನೊಬ್ಬಳಿರಲಾರಳು.

“ಅಲ್ಲೇ ಯಾರೋ ಮೌಸ್ ಅಲ್ಲಾಡಿಸ್ತಿದಾರೆ,” ಎಂದ ಒಂದು ದಿನ. “ಆಮೇಲೆ ಮಾನಿಟರೂ ಆಫ್ ಆಗ್ತಿದೆ, ಅದಕ್ಕೇ ನಿಮ್ಗೂ ಪರದೆ ಕಪ್ಪಾಗೋದು. ನಾಳೆ ಹೋಗಿ ನೋಡ್ತೀನಿ.”

“ನಾನೂ ಬರ್ತೀನಿ,” ಎಂದುಬಿಟ್ಟಳು.

ಮರುದಿನ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದ ಗೌರೀಶನಿಗೆ ಗುಂಗುರು ಕೂದಲು, ಸಿಕ್ಕಾಪಟ್ಟೆ ನಾಚಿಕೆ. ನೋಡಿದ, ಕಣ್ಣು ತಪ್ಪಿಸಿದ, ಮತ್ತೆ ನೋಡಿದ. ಅವಳು ಒಂದನ್ನೂ ಬಿಡದೆ ಗಮನಿಸಿದಳು.

ಬಾಗಿಲು ತೆರೆದವರು ಮಹಡಿಯಲ್ಲಿ ವಾಸವಿದ್ದ ಮಾಲೀಕರ ತಾಯಿ ಅಲಮೇಲಮ್ಮ. ಕೈಯಲ್ಲಿ ಹೂವಿನ ಬುಟ್ಟಿ. ಇಬ್ಬರನ್ನೂ ಕೂರಿಸಿ ತಮ್ಮ ಪಾಡಿಗೆ ತಾವು ಕ್ಯಾಮೆರಾಗೊಂದು ಹೂವಿಟ್ಟರು. ಮೌಸನ್ನು ಸೆರಗಿನಿಂದ ಗಸಗಸ ಒರೆಸಿ ಅದರ ಮೇಲೂ ಒಂದು ಸೇವಂತಿಗೆ ಇಟ್ಟು ಕೈಮುಗಿದರು. ಕೊನೆಗೆ ಮಾನಿಟರ್ ಸ್ವಿಚ್ ಆರಿಸಿದರು.

“ಅಮ್ಮಾ, ಅದನ್ನ್ಯಾಕೆ ಆಫ್ ಮಾಡಿದ್ರಿ?” ಗೌರೀಶ್ ನಗು ತಡೆದುಕೊಂಡು ಕೇಳಿದ.

“ಮುಂದೆ ಯಾರೂ ಕೂತಿಲ್ವಲ್ಲಪ್ಪಾ. ಕರೆಂಟ್ ಯಾಕೆ ದಂಡ?”

“ಇವ್ರು ಮನೇಲಿ ಕೂತು ಇದ್ರಲ್ಲೇ ಕೆಲ್ಸ ಮಾಡ್ತಿರ್ತಾರಮ್ಮಾ.”

“ಅಯ್ಯೋ, ಕಾಣಿಸ್ದೇ ಕೆಲ್ಸ ಮಾಡೋ ಹುಡುಗಿ ನೀನೇನಾ?” ಅಲಮೇಲಮ್ಮ ಅವಳ ಗಲ್ಲ ಹಿಡಿದರು. “ಇನ್ಮೇಲೆ ಸ್ವಿಚ್ ಮುಟ್ಟಲ್ಲ. ಹೂವೂ ಪಕ್ಕಕ್ಕಿಡ್ತೀನಿ.” ಕಾಫಿ ತರಲು ಮೇಲೆ ಹೋದರು.

ಗೌರೀಶ್ ಮಾನಿಟರ್ ಹಾಕಿ, ಲಾಗ್ ಬರೆಯುವುದನ್ನು ಆಫ್ ಮಾಡಿದ. “ಇನ್ನಿದು ಬೇಡ, ಸುಮ್ನೆ ಡಿಸ್ಕ್ ತುಂಬತ್ತೆ.” ಕಂಪ್ಲೇಂಟನ್ನೂ ಮುಗಿಸಿದ.

ಯಶಶ್ರೀಗೆ ತಡೆಯಲಾಗಲಿಲ್ಲ. “ಹಾಗಾದ್ರೆ ಇನ್ಮೇಲೆ ನೀವು ಫೋನ್ ಮಾಡಲ್ಲ.”

ಅವನು ಆಫೀಸಿನ ಫೋನನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಇನ್ನೊಂದನ್ನು ತೆಗೆದ. ಅವಳ ಫೋನ್ ರಿಂಗಾಯಿತು, ಗುರುತಿಲ್ಲದ ನಂಬರ್. ಎದುರಿಗೇ ನಿಂತಿದ್ದವನನ್ನು ನೋಡುತ್ತ ಕಿವಿಗಿಟ್ಟುಕೊಂಡಳು.

“ಹೇಳಿ, ಏನು ತೊಂದ್ರೆ?”

“ತೊಂದ್ರೆ ಏನೂ ಇಲ್ಲ. ಇದು ನನ್ನ ಸ್ವಂತ ನಂಬರ್.” ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. “ನೀವಂದ್ರೆ ನಂಗೆ ತುಂಬಾ ಇಷ್ಟ.”

“ನಂಗೂ. ಎದುರಿಗೇ ಇದೀನಲ್ಲಾ, ಇದಕ್ಕೂ ಫೋನ್ ಬೇಕಿತ್ತಾ?” ಎಂದಳು. ಫೋನ್ ಮಾತ್ರ ಇಡಲಿಲ್ಲ.