ಕಳೆದುಹೋಗದ ಕರೆ

ಫೋನು ರಿಂಗಾಗಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಆರು ಜನರಿದ್ದೆವು. ನಾನು ಮೇಜಿನ ನಡುವೆ ಬಿದ್ದಿದ್ದ ಆ ಕಪ್ಪು ಫೋನನ್ನೇ ನೋಡುತ್ತಿದ್ದೆ. ಕರೆ ಮಾಡಿದ್ದವರು ಅರ್ಜಿ ಹಾಕಿದ್ದ ಕಂಪನಿಯ ಯಜಮಾನರು. ಮೇಜಿನ ತುದಿಯಲ್ಲಿ ಇನ್ನೊಂದು ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದರು. 

"ಏನು ಕೇಳ್ತಿದೆ?" ಮೇಡಂ ಕೇಳಿದರು.

"‘ದಯವಿಟ್ಟು ಕಾಯುತ್ತಿರಿ’ ಅಂತ. ಅದನ್ನೇ ಮತ್ತೆ ಮತ್ತೆ ಹೇಳ್ತಿದೆ."

"ಬೆಳಗ್ಗೆ ಕಾರಿಡಾರಿನಲ್ಲಿ ಚೆನ್ನಾಗೇ ರಿಂಗಾಯ್ತಲ್ಲ?"

"ಪ್ರತಿಸಲವೂ ಆಯ್ತು ಮೇಡಂ. ಕಣ್ಣು ಮಿಟುಕಿಸೋದ್ರಲ್ಲಿ ಆಯ್ತು!"

ಮೇಡಂ ನಮ್ಮ ಪೇಟೆಂಟ್ ಕಚೇರಿಯ ಹಿರಿಯ ಪರೀಕ್ಷಕಿ. ಬೆನ್ನ ಹಿಂದೆ ಎಲ್ಲರೂ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ನಾನು ಅವರ ಕೈಕೆಳಗಿನ ಪರೀಕ್ಷಕಿ. ಹೊಸದೆಂದು ಯಾರಾದರೂ ತಂದದ್ದು ನಿಜವಾಗಿಯೂ ಹೊಸದೇ, ಹೇಳಿದಂತೆ ಕೆಲಸ ಮಾಡುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ.

ಯಜಮಾನರು ತಂದಿದ್ದು ಸುಮ್ಮನಿರುವ ಫೋನಿನ ವಿಷಯ. ನಾವು ಮುಟ್ಟದೆ ಇಟ್ಟಾಗಲೂ ಫೋನು ಸುಮ್ಮನಿರುವುದಿಲ್ಲ. ಗಳಿಗೆಗೊಮ್ಮೆ ಎಚ್ಚೆತ್ತು ‘ನನಗೇನಾದರೂ ಬಂದಿದೆಯಾ’ ಎಂದು ಟವರಿನ ಕಡೆ ಕಿವಿಗೊಡುತ್ತದೆ. ಹಾಗೆ ಎಚ್ಚೆತ್ತೂ ಎಚ್ಚೆತ್ತೂ ಬ್ಯಾಟರಿ ಸೋರಿಹೋಗುತ್ತದೆ. ಇವರ ವಿಧಾನದಲ್ಲಿ ಫೋನು ಎಷ್ಟು ಹೊತ್ತು ಬೇಕಾದರೂ ಮಲಗಬಹುದು. ಅಷ್ಟು ಹೊತ್ತು ಬಂದ ಕರೆಯನ್ನು ಟವರು ಹಿಡಿದಿಟ್ಟುಕೊಂಡು, ಅದು ಏಳುತ್ತಿದ್ದಂತೆ ಒಂದು ಪುಟ್ಟ ಸಂಕೇತ ಕಳಿಸಿ ಒಪ್ಪಿಸುತ್ತದೆ. ಕಂಡುಹಿಡಿದವಳು ಯಜಮಾನರ ಹೆಂಡತಿ. ಕಂಪನಿಯ ಇಂಜಿನಿಯರ್ ಕೂಡ ಆಕೆಯೇ. ಮಿತಭಾಷಿ. ಬೆಳಗಿನಿಂದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಳ್ಳುತ್ತ ಗಂಡನ ಪಕ್ಕದಲ್ಲಿ ಕೂತಿದ್ದಳು.

ಎದುರು ಕಂಪನಿಯ ಪ್ರತಿನಿಧಿಯ ತಕರಾರು ಒಂದೇ: ಹೀಗೆ ಮಲಗಿಸಿದರೆ ಕರೆಗಳು ಕಳೆದುಹೋಗುತ್ತವೆ, ಇದು ಬರೀ ಕಾಗದದ ಮೇಲಿನ ಮಾತು. ಹಾಗಾಗಿ ಮೇಡಂ ‘ಮಾಡಿ ತೋರಿಸಿ’ ಎಂದಿದ್ದರು. ಪರೀಕ್ಷೆಯ ಪುಟ್ಟ ಟವರು, ರೊಟ್ಟಿ ಡಬ್ಬಿಯಷ್ಟು ದೊಡ್ಡದು, ಕಿಟಕಿಯ ಪಕ್ಕದಲ್ಲಿ ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಇವತ್ತು ತೋರಿಸಲಾಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತಿತ್ತು. ಅರ್ಜಿ ಬಿದ್ದರೆ ಯಜಮಾನರ ಕಂಪನಿಯೂ ಬೀಳುತ್ತಿತ್ತು. ಅವರ ಹತ್ತಿರ ಬೇರೇನೂ ಉಳಿದಿರಲಿಲ್ಲ.

"ನೋಡಿದ್ರಾ?" ಪ್ರತಿನಿಧಿ ಕುರ್ಚಿಗೆ ಒರಗಿದ. "ನಾನು ವಾದ ಮಾಡೋ ಕಷ್ಟನೇ ತಪ್ತು. ನಮ್ಮ ಕೆಲಸ ಇವರೇ ಮಾಡಿಕೊಟ್ರು."

"ನೀವೇ ಏನೋ ಮಾಡಿದ್ದೀರಿ!" ಯಜಮಾನರ ವಕೀಲರು ಎದ್ದು ನಿಂತರು. "ವಿರಾಮದಲ್ಲಿ ಆ ಮೇಜಿನ ಹತ್ತಿರ ಸುಳಿದಾಡ್ತಿದ್ದಿದ್ದು ಯಾರು?"

"ಬಿಸ್ಕತ್ತಿನ ತಟ್ಟೆ ಅಲ್ಲಿತ್ತು ಸ್ವಾಮಿ. ನಿಮ್ಮ ಫೋನನ್ನ ಕಡಿದು ತಿಂದ್ನಾ?"

"ಇಬ್ಬರೂ ಕೂತ್ಕೊಳ್ಳಿ," ಎಂದರು ಮೇಡಂ. "ಯಜಮಾನರೇ, ಕರೆ ಕಟ್ ಮಾಡಬೇಡಿ. ಹಾಗೇ ಹಿಡ್ಕೊಂಡಿರಿ."

ಜಗಳ ನಿಲ್ಲಲಿಲ್ಲ. ವಕೀಲರು ಕೂಗುತ್ತಿದ್ದರು, ಪ್ರತಿನಿಧಿ ನಗುತ್ತಿದ್ದ. ಯಜಮಾನರು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸುತ್ತಿದ್ದರು.  ಅವರ ಹೆಂಡತಿ ಕೂದಲನ್ನು ಮತ್ತೆ ಕಿವಿಯ ಹಿಂದೆ ಸರಿಸಿಕೊಂಡಳು. ಒಮ್ಮೆ ಕೈಚಾಚಿ, ಕಪ್ಪು ಫೋನಿಗೆ ತಾಗಿಕೊಂಡಿದ್ದ ನೀರಿನ ಲೋಟವನ್ನು ಎತ್ತಿ ಮೇಜಿನ ಆ ಬದಿಗೆ ಇಟ್ಟಳು. ಪಾಪ, ಗಂಟಲು ಒಣಗಿರಬೇಕು ಎಂದುಕೊಂಡೆ.

ಫೋನು ರಿಂಗಾಯಿತು!

ಮೇಜಿನ ಮೇಲೆ ಗುರ್ರೆಂದು ನಡುಗುತ್ತ, ಕಿವಿಗಡಚಿಕ್ಕುವಂತೆ ಬಾರಿಸುತ್ತ ಅದು ಎಚ್ಚೆತ್ತಿತು. ವಕೀಲರು ಬೆಚ್ಚಿ ಕುರ್ಚಿಯಲ್ಲಿ ಕುಸಿದರು. ಮೇಡಂ ಗೋಡೆಯ ಗಡಿಯಾರ ನೋಡಿದರು.

"ಕಾಲು ಗಂಟೆ," ಎಂದರು. "ಹಾಗಾದ್ರೆ ಇದು ಕೆಟ್ಟಿರಲಿಲ್ಲ. ಮಲಗಿತ್ತು. ಎಷ್ಟು ಹೊತ್ತು ಮಲಗೋಕೆ ಹೇಳಿದ್ರಿ?"

"ಎರಡೇ ಸೆಕೆಂಡು!" ಯಜಮಾನರ ದನಿ ಒಡೆದಿತ್ತು. "ಯಾರೋ ಬದಲಾಯಿಸಿದ್ದಾರೆ ಮೇಡಂ."

"ದೂರದಿಂದ ಬದಲಾಯಿಸೋಕಾಗುತ್ತಾ?"

"ಇಲ್ಲ. ಎಷ್ಟು ಹೊತ್ತು ಮಲಗ್ಲಿ ಅಂತ ಫೋನೇ ಟವರನ್ನ ಕೇಳ್ಬೇಕು. ಅದೂ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಮಾತ್ರ."

"ಅಂದ್ರೆ ಕೈಗೆ ತಗೊಂಡವರು ಮಾಡಿದ ಕೆಲಸ. ಸರಿ, ಯಾರೂ ಏಳಬೇಡಿ."

ಮೇಡಂ ಮೊದಲು ಪ್ರತಿನಿಧಿಯ ಕಡೆ ತಿರುಗಿದರು.

"ನೀವು ಫೋನು ಮುಟ್ಟಿದ್ರಾ?"

"ಮುಟ್ಟಿದ್ರೆ ಪೂರ್ತಿ ಕೆಡಿಸ್ತಿದ್ದೆ ಮೇಡಂ. ಕಾಲು ಗಂಟೆ ಆದ್ಮೇಲೆ ರಿಂಗಾಗೋ ಹಾಗೆ ಯಾಕೆ ಮಾಡ್ಲಿ? ಈಗ ಇದು ಕೆಲಸ ಮಾಡುತ್ತೆ ಅಂತ ಸಾಬೀತಾಯ್ತಲ್ಲ, ನನಗೇ ನಷ್ಟ."

"ನಿಜ. ವಕೀಲರೇ, ನೀವು?"

"ಪರದೆ ಒರೆಸಿದೆ, ಕರ್ಚೀಫಿನಲ್ಲಿ. ನನಗೆ ನನ್ನ ಫೋನಿನಲ್ಲಿ ಅಲಾರಂ ಇಡೋದೇ ಬರಲ್ಲ ಮೇಡಂ. ನನ್ನ ಮೊಮ್ಮಗಳು ಇಟ್ಟುಕೊಡ್ತಾಳೆ."

"ಯಜಮಾನರೇ?"

"ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕ್ಕೋತೀನಾ?"

ಮೇಡಂ ಆಕೆಯ ಕಡೆ ತಿರುಗಿದರು. ಯಜಮಾನರು ತಡೆದರು. "ಅವಳನ್ನ ಬಿಟ್ಟುಬಿಡಿ ಮೇಡಂ. ಇದು ಅವಳದೇ ಕೂಸು. ಅಲ್ಲದೆ ಅವರಮ್ಮ ಹೋಗಿ ಇನ್ನೂ ವರ್ಷ ಕಳೆದಿಲ್ಲ. ಮೊದಲೇ ಅರ್ಧ ಆಗಿದ್ದಾಳೆ."

"ಅಮ್ಮ ಹೇಗೆ ಹೋದ್ರು?" ಮೇಡಂ ಮೆಲ್ಲಗೆ ಕೇಳಿದರು.

ಇದೆಂಥ ಪ್ರಶ್ನೆ ಎಂದು ನನಗೇ ಕಸಿವಿಸಿಯಾಯಿತು. ಆಕೆ ಮಾತ್ರ ತಲೆಯೆತ್ತಿದಳು.

"ಮನೇಲಿ ಒಬ್ಬಳೇ ಇದ್ಲು. ಅಡುಗೆಮನೇಲಿ ಬಿದ್ದಿದ್ಲು. ಕೈಯಲ್ಲಿ ಫೋನು ಇತ್ತು."

"ನಿಮಗೆ ಕರೆ ಮಾಡಿದ್ರಾ?"

"ಬಂತು. ಎತ್ತಿದೆ. ಅಮ್ಮಾ ಅಮ್ಮಾ ಅಂದೆ. ಮಾತೇ ಇಲ್ಲ. ನಲ್ಲಿ ನೀರು ಸುರಿಯೋ ಸದ್ದು ಮಾತ್ರ ಕೇಳ್ತಿತ್ತು. ಪಾತ್ರೆ ತೊಳೀತಾ ಕೈತಪ್ಪಿ ಒತ್ತಿರ್ಬೇಕು ಅಂದ್ಕೊಂಡೆ. ‘ನಲ್ಲಿ ನಿಲ್ಲಿಸಮ್ಮ’ ಅಂತ ಹೇಳಿ ಕಟ್ ಮಾಡಿದೆ. ಕೆಲಸ ಇತ್ತು."

 ಒರಗಿದ್ದ ಪ್ರತಿನಿಧಿ ನೆಟ್ಟಗೆ ಕೂತ.

"ಈ ವಿಧಾನವನ್ನ ನೀವು ಯಾವುದಕ್ಕೆ ಅಂತ ಕಂಡುಹಿಡಿದಿರಿ?"

"ನೀರಿನ ಮೀಟರಿಗೆ. ಗೋದಾಮಿನ ಥರ್ಮಾಮೀಟರಿಗೆ. ಅವಸರ ಇಲ್ಲದ ವಸ್ತುಗಳಿಗೆ."

"ಅರ್ಜಿಯಲ್ಲಿ ‘ಯಾವುದೇ ಸಂಚಾರಿ ಸಾಧನ’ ಅಂತಿದೆ."

"ಅದು ಇವರು ಸೇರಿಸಿದ್ದು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಿಷಯ ತೀರ್ಮಾನವಾದಾಗ ಅವರು ಹಾಗೆ ಮಾಡುತ್ತಿದ್ದರು.

"ವಕೀಲರೇ, ವಿರಾಮಕ್ಕೆ ಮುಂಚೆ ನೀವು ಒಂದು ಪ್ರಯೋಗದ ವಿಷಯ ಬಹಳ ಹೆಮ್ಮೆಯಿಂದ ಹೇಳಿದ್ರಿ. ಇನ್ನೊಂದ್ಸಲ ಹೇಳ್ತೀರಾ?"

ವಕೀಲರಿಗೆ ದಿಕ್ಕು ತೋಚಲಿಲ್ಲ. "ಅದೇ... ಮನುಷ್ಯರ ಫೋನಿನ ಮೇಲೂ ನೋಡಿದ್ದೀವಿ ಅಂದೆ. ಒಬ್ಬ ಬಳಕೆದಾರರಿಗೆ ಮನೆಯಿಂದ ಬಂದ ಕರೆ ಮುಕ್ಕಾಲು ಗಂಟೆ ಟವರಿನಲ್ಲೇ ಕಾದಿತ್ತು. ಕರೆ ಮಾಡಿದವರು ಆ ಕಡೆ ಸುಮ್ಮನಾಗಿಬಿಟ್ಟಿದ್ರೂ ಸಂಪರ್ಕ ಕಡಿದಿರ್ಲಿಲ್ಲ. ಕೊನೆಗೆ ಸುರಕ್ಷಿತವಾಗಿ ತಲುಪ್ತು. ಒಂದೇ ಒಂದು ಕರೆಯೂ ಕಳೆದುಹೋಗಿಲ್ಲ ಅಂತ..."

ಹೇಳುತ್ತ ಹೇಳುತ್ತಲೇ ಅವರ ದನಿ ಇಳಿದುಹೋಯಿತು. ಹೇಳಿದ್ದು ಅವರಿಗೇ ಈಗ ಕೇಳಿಸಿತ್ತು.

"ಆ ಬಳಕೆದಾರರು ಯಾರು?" ಮೇಡಂ ಯಜಮಾನರನ್ನು ಕೇಳಿದರು.

"ಯಾರೋ... ಒಬ್ಬ ಸ್ವಯಂಸೇವಕ."

"ತನ್ನ ಫೋನಿನ ಮೇಲೆ ಪ್ರಯೋಗ ನಡೀತಿದೆ ಅಂತ ಆ ಸ್ವಯಂಸೇವಕನಿಗೆ ಗೊತ್ತಿತ್ತಾ?"

ಯಜಮಾನರು ವಕೀಲರ ಕಡೆ ನೋಡಿದರು.

"ಹಾಗಾದ್ರೆ ನಾನೇ ಹೇಳ್ತೀನಿ. ಫೋನು ರಿಂಗಾಗದೇ ಇದ್ದಾಗ ನಾವೆಲ್ಲ ಫೋನನ್ನ ನೋಡ್ತಿದ್ವಿ. ಇವರು ಗೋಡೆ ಗಡಿಯಾರ ನೋಡ್ತಿದ್ರು. ರಿಂಗಾಗೋಕೆ ಒಂದು ಕ್ಷಣ ಮುಂಚೆ ಫೋನಿನ ಪಕ್ಕದ ಲೋಟ ತೆಗೆದು ದೂರ ಇಟ್ರು. ಕುಡೀಲಿಲ್ಲ. ಫೋನು ನಡುಗಿದ್ರೆ ನೀರು ಚೆಲ್ಲುತ್ತೆ, ಅರ್ಜಿಯ ಕಾಗದ ನೆನೆಯುತ್ತೆ. ಅಷ್ಟು ಹೊತ್ತಿಗೆ ಸರಿಯಾಗಿ ಅದು ಏಳುತ್ತೆ ಅಂತ ಗೊತ್ತಿದ್ದಿದ್ದು, ಅದನ್ನ ಮಲಗಿಸಿದವರಿಗೆ ಮಾತ್ರ."

ಆಕೆ ಅಲ್ಲಗಳೆಯಲಿಲ್ಲ. ನಾನೂ ಆ ಲೋಟವನ್ನು ನೋಡಿದ್ದೆ. ಎಂಥ ಸಂಕಟದಲ್ಲೂ ಚೆಲ್ಲುವುದನ್ನು ಎತ್ತಿಡುವ ಆ ಕೈ ನಮ್ಮಂಥ ಎಲ್ಲ ಹೆಂಗಸರದೂ ಹೌದು. ಅದಕ್ಕೇ ಅದು ನನ್ನ ಕಣ್ಣಿಗೆ ಬಿದ್ದೂ ಬೀಳಲಿಲ್ಲವೇನೋ.

"ವಕೀಲರು ಆ ಪ್ರಯೋಗದ ಮಾತು ಆಡಿದ ಮೇಲೆ, ‘ಬ್ಯಾಟರಿ ನೋಡ್ಕೊಂಡು ಬರ್ತೀನಿ’ ಅಂತ ಫೋನು ಹಿಡ್ಕೊಂಡು ಹೊರಗೆ ಹೋದ್ರಿ. ಅಲ್ವಾ?"

"ಹೌದು. ಬಾತ್‌ರೂಮಿನಲ್ಲಿ ನಿಂತ್ಕೊಂಡು ಮಾಡಿದೆ."

ಯಜಮಾನರು ಹೆಂಡತಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. "ನೀನಾ? ಯಾಕೆ? ನಮ್ಮ ಬದುಕೇ ಇದರ ಮೇಲಿದೆ ಅಂತ ನಿನಗೆ ಗೊತ್ತಿಲ್ವಾ?"

"ನೀವು ನನಗೆ ಕೊಟ್ಟ ಆ ಹೊಸ ಫೋನು," ಎಂದಳು ಆಕೆ. "ಅದಕ್ಕೂ ಈ ವಿಧಾನ ಹಾಕಿದ್ರಾ, ಇಲ್ವಾ?"

ಯಜಮಾನರು ಮೇಜಿನ ಮೇಲಿದ್ದ ಅರ್ಜಿಯ ಹಾಳೆಗಳನ್ನು ಸರಿಸಿದರು.

"ಹೇಳಿ."

"ಹಾಕಿದ್ದೆ. ನಿಜವಾದ ಬಳಕೆ ಹೇಗಿರುತ್ತೆ ನೋಡೋಣ ಅಂತ. ನಿನಗೆ ಹೇಳಿದ್ರೆ ನೀನು ಒಪ್ತಿರ್ಲಿಲ್ಲ. ಒಂದೇ ವಾರ ಅಂದ್ಕೊಂಡಿದ್ದೆ. ಅಮ್ಮನಿಗೆ ಹಾಗಾಗುತ್ತೆ ಅಂತ ನಾನು ಕನಸು ಕಂಡಿದ್ನಾ?"

"ಅದನ್ನ ಯಾರು ಕೇಳಿದ್ರು?" ಆಕೆಯ ದನಿ ಏರಲಿಲ್ಲ. ಏರಿದ್ದರೆ ಕೇಳಲು ಸುಲಭವಾಗುತ್ತಿತ್ತು. "ಆಮೇಲೆ ನಿಮಗೆ ಗೊತ್ತಾಯ್ತಲ್ಲ. ಕರೆ ಮುಕ್ಕಾಲು ಗಂಟೆ ಟವರಿನಲ್ಲೇ ಬಿದ್ದಿತ್ತು ಅಂತ ಗೊತ್ತಾಯ್ತಲ್ಲ. ನಾನು ಎತ್ತಿದಾಗ ಅಮ್ಮ ಆಗಲೇ ಇರ್ಲಿಲ್ಲ. ಅದು ತಿಳೀದೆ, ಅವಳು ಇನ್ನೂ ಉಸಿರಾಡ್ತಿದ್ಲು, ನಾನು ನಲ್ಲಿ ನಿಲ್ಲಿಸು ಅಂತ ಹೇಳಿ ಅವಳ ಕರೆ ಕಟ್ ಮಾಡಿದೆ ಅಂತ ದಿನಾ ಸಾಯ್ತಿದ್ದೆ. ನನ್ನ ಪಕ್ಕದಲ್ಲೇ ಮಲಗಿದ್ರಿ ನೀವು. ನಾನು ಅತ್ತಾಗ ಬೆನ್ನು ಸವರಿ ಏನಂದ್ರಿ?"

ಯಜಮಾನರು ಮುಖ ಮುಚ್ಚಿಕೊಂಡರು.

"‘ಆಗಿದ್ದು ಆಯ್ತು, ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ’ ಅಂದ್ರಿ. ನನ್ನನ್ನ ಕ್ಷಮಿಸಿದ್ರಿ ನೀವು."

ವಕೀಲರು ಕಿಟಕಿಯ ಕಡೆ ತಿರುಗಿ ಕೂತರು. ಪ್ರತಿನಿಧಿ ತನ್ನ ಪೆನ್ನಿನ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದ.

"ಅರ್ಜಿ ಹಾಳು ಮಾಡ್ಬೇಕು ಅಂತ ಮಾಡಿದ್ರಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಕರೆ ಮಾಡಬೇಕಾಗಿದ್ದಿದ್ದು ಇವರು. ‘ದಯವಿಟ್ಟು ಕಾಯುತ್ತಿರಿ’ ಅನ್ನೋದನ್ನ ಇವರೂ ಒಂದ್ಸಲ ಕೇಳ್ಲಿ ಅನ್ನಿಸ್ತು. ಅಮ್ಮ ಕೇಳಿದ್ಲಲ್ಲ, ಹಾಗೆ. ಕೇಳ್ತಾ ಕೇಳ್ತಾ ತಾವೇ ಎದ್ದು ಹೇಳ್ತಾರೇನೋ ಅಂತ ಗಡಿಯಾರ ನೋಡ್ತಾನೇ ಇದ್ದೆ. ಕಾಲು ಗಂಟೆ ಕೊಟ್ಟೆ. ಇವರಿಗೆ ನೆನಪೂ ಆಗ್ಲಿಲ್ಲ."

ಮೇಡಂ ಕನ್ನಡಕ ಹಾಕಿಕೊಂಡರು. ಅವರ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ಕಚೇರಿಯದೇ.

"ನಾನು ಪೊಲೀಸಲ್ಲ. ನಾನು ಬರೆಯೋದು ಒಂದೇ ವಿಷಯ. ಕಾಲು ಗಂಟೆ ಮಲಗು ಅಂದ್ರು, ಮಲಗ್ತು. ಹೊತ್ತಿಗೆ ಸರಿಯಾಗಿ ಎದ್ದು ಕರೆ ಒಪ್ಪಿಸ್ತು. ನಿಮ್ಮ ವಿಧಾನ ಕೆಲಸ ಮಾಡುತ್ತೆ. ಇದನ್ನ ನಾನು ತಿರಸ್ಕರಿಸೋಕಾಗಲ್ಲ."

ಅಂಥ ಹೊತ್ತಿನಲ್ಲೂ ವಕೀಲರ ಮುಖ ಅರಳಿತು. ಮರುಗಳಿಗೆ ನಾಚಿ ತಲೆತಗ್ಗಿಸಿದರು.

"ಒಂದು ತಿದ್ದುಪಡಿ ಕೇಳಬಹುದಾ?" ಎಂದಳು ಆಕೆ. "‘ಮನುಷ್ಯರು ಮಾತಾಡೋಕೆ ಬಳಸುವ ಸಾಧನಗಳನ್ನು ಬಿಟ್ಟು’ ಅಂತ ಸೇರಿಸ್ಬೇಕು."

"ಅಮ್ಮಾ, ಆಗ ನಮಗೆ ಉಳಿಯೋದು ನೀರಿನ ಮೀಟರು ಅಷ್ಟೇ," ವಕೀಲರು ಮೆಲ್ಲಗೆ ಹೇಳಿದರು. "ನೀವು ಬಿಟ್ಟಿದ್ದನ್ನ ನಾಳೆ ಬೇರೆಯವರು ಮಾಡ್ತಾರೆ."

"ಮಾಡ್ಲಿ. ಅದರ ಮೇಲೆ ನನ್ನ ಹೆಸರು ಇರೋದು ಬೇಡ."

"ಇಬ್ಬರೂ ಸಹಿ ಮಾಡ್ಬೇಕು," ಎಂದರು ಮೇಡಂ.

ಎಲ್ಲರೂ ಯಜಮಾನರನ್ನು ನೋಡಿದೆವು. ಅವರು ವಾದ ಮಾಡಲಿಲ್ಲ. ಪೆನ್ನು ತಗೊಂಡರು, ಓದದೆಯೇ ಸಹಿ ಮಾಡಿದರು. ಹಾಳೆಯನ್ನು ಹೆಂಡತಿಯ ಮುಂದೆ ಸರಿಸುವಾಗ ಅವಳ ಬೆರಳು ತಾಗೀತೇನೋ ಎಂಬಂತೆ ಕೈಯನ್ನು ಒಂದಿಷ್ಟು ಹೊತ್ತು ಅಲ್ಲೇ ಬಿಟ್ಟರು. ಆಕೆ ಹಾಳೆಯನ್ನು ಮಾತ್ರ ಎಳೆದುಕೊಂಡಳು.

ಪ್ರತಿನಿಧಿ ಸದ್ದಿಲ್ಲದೆ ಎದ್ದುಹೋದ. ವಕೀಲರೂ ಹೋದರು. ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದಾಗ ಯಜಮಾನರು ಎದ್ದರು.

"ಕಾರು ತರ್ತೀನಿ. ಮನೆಗೆ ಹೋಗೋಣ."

ಆಕೆ ತಿರುಗಿದಳು. ಎಷ್ಟೋ ವರ್ಷ ಜೊತೆಗೆ ಬಾಳಿದ ಹೆಂಗಸು ಗಂಡನ ಮುಖದಲ್ಲಿ ದಣಿವನ್ನು ಗುರುತಿಸುವಂತೆ ಅವರನ್ನೊಮ್ಮೆ ನೋಡಿದಳು.

"ನೀವು ಹೋಗಿ. ಬೆಳಗಿಂದ ಏನೂ ತಿಂದಿಲ್ಲ, ಊಟ ಮಾಡಿ ಮಲಗಿ," ಎಂದಳು. "ನನಗೆ ಕಾಯಬೇಡಿ."