ರಾಮಗಡದ ಇಳಿಜಾರು

ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರು ಬಿಳಿ ಬಾಡಿಗೆ ಕಾರು ಬಂದು ನಿಂತಾಗ ಸುಧಾರಾಣಿಯ ಎದೆ ಧಸಕ್ಕೆಂದಿತು. ಸ್ಟೀರಿಂಗ್ ಹಿಡಿದು ಹಲ್ಲು ಕಿರಿಯುತ್ತಿದ್ದ ರೇವಣಸಿದ್ದನನ್ನು ನೋಡಿ ಅಲ್ಲ, ಹಿಂದೆ ಕುಳಿತಿದ್ದ ಅವನ ತಾಯಿ ಸುವರ್ಣಮ್ಮನನ್ನು ನೋಡಿ. ಆಕೆ ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ.

"ಬಾರವ್ವ, ಮುಂದ ಕುಂದ್ರು. ದಾರಿ ನಿನಗ ಗೊತ್ತೈತಂತಲ್ಲ," ಎಂದರು ಸುವರ್ಣಮ್ಮ. ಅವರ ಪಕ್ಕದಲ್ಲಿ ಯಜಮಾನರು ದೊಡ್ಡಬಸಪ್ಪ ಆಗಲೇ ತೂಕಡಿಸತೊಡಗಿದ್ದರು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟ ಮನೆತನ. ಹೊರಗೆ ಹೊರಡುವುದೇ ಅಪರೂಪ. ಈ ಸಲ ಮಗ ಎರಡು ದಿನಕ್ಕೆ ಕಾರು ಬಾಡಿಗೆ ಹಿಡಿದು ತಾನೇ ಓಡಿಸುತ್ತೇನೆಂದು ಎಲ್ಲರನ್ನೂ ಹೊರಡಿಸಿದ್ದ. ನಿನ್ನೆ ಹಂಪಿ ಮುಗಿದಿತ್ತು, ಇವತ್ತು ಸಂಡೂರಿನ ರಾಮಗಡದ ಗುಡ್ಡ. ತಿರುಗಾಟವೂ ಆಯಿತು, ಹುಡುಗಿಯನ್ನು ತೋರಿಸಿದಂತೆಯೂ ಆಯಿತು ಎಂಬುದು ಅವನ ಐಡಿಯಾ.

ಹುಡುಗಿಯ ಜಾತಿ ಬೇರೆ ಎಂದು ಧೈರ್ಯವಾಗಿ ಹೇಳಿ, ಮನೆಯಲ್ಲಿ ಆರು ತಿಂಗಳ ರಗಳೆಯನ್ನು ಗೆದ್ದಿದ್ದ ಪುಣ್ಯಾತ್ಮ. ಆದರೆ ಆಕೆಯ ಕೆಲಸದ ಮಾತು ಬಂದಾಗ ಮಾತ್ರ "ಗಣಿ ಆಫೀಸಿನಾಗ ಅದಾಳ" ಎಂದು ತೇಲಿಸಿಬಿಟ್ಟಿದ್ದ. ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹದಿಮೂರು ವರ್ಷದ ಹಿಂದೆ ಸುವರ್ಣಮ್ಮನ ಒಬ್ಬನೇ ತಮ್ಮ ಅದಿರು ಲಾರಿಗೆ ಸಿಕ್ಕು ಸತ್ತಿದ್ದ. ಅವತ್ತಿನಿಂದ ಅದಿರು ಗಾಡಿ ಓಡಿಸುವವರ ಹೆಸರೆತ್ತಿದರೆ ಆಕೆ ಊಟ ಬಿಟ್ಟು ಏಳುತ್ತಿದ್ದರು.

ಮತ್ತೆ ವಡ್ಡು ಊರಿನ ಎರ್ರೆಪ್ಪನ ಮಗಳು ಸುಧಾರಾಣಿ ಓಡಿಸುತ್ತಿದ್ದುದು ಏನು? ಅದಿರಿನ ಡಂಪರ್! ಏಣಿ ಹತ್ತಿ ಕೂರಬೇಕಾದ, ಮನೆಯಷ್ಟೆತ್ತರದ ಗಾಡಿ. ಗಣಿಯ ಕ್ಯಾಂಟೀನಿಗೆ ಅಕ್ಕಿ ಇಳಿಸಲು ಬಂದಿದ್ದ ರೇವಣಸಿದ್ದ ಆ ಏಣಿಯಿಂದ ಹೆಲ್ಮೆಟ್ ಹಾಕಿಕೊಂಡು ಇಳಿದವಳನ್ನು ಕಂಡು ಮೂಟೆಯನ್ನು ಕಾಲ ಮೇಲೆ ಹಾಕಿಕೊಂಡಿದ್ದ. "ನೋಡ್ಕೊಂಡು ಇಳಸ್ರಿ, ಸಾಹುಕಾರ್ರ," ಎಂದು ಅವಳು ನಕ್ಕಿದ್ದೇ ತಡ, ಅವನು ಮುಗಿದುಹೋಗಿದ್ದ.

ಕಾರು ಊರು ದಾಟಿತು. ಅವನು ಕಳ್ಳನೋಟ ಬೀರಿದ. ಹಸಿರು ಸೀರೆಯ ಸೆರಗನ್ನು ಅವಳು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

"ಸೀರಿ ಮಸ್ತ್ ಐತಿ," ಎಂದ ಮೆಲ್ಲಗೆ.

"ರಸ್ತಾ ನೋಡ್ರಿ," ಎಂದಳು. ಕೆನ್ನೆ ಬಿಸಿಯಾಯಿತು. ಇವತ್ತು ಸಂಜೆಯೊಳಗೆ ಅವ್ವನಿಗೆ ನಿಜ ಹೇಳಿಬಿಡುತ್ತೇನೆಂದು ಅವನು ಫೋನಿನಲ್ಲಿ ಆಣೆ ಇಟ್ಟಿದ್ದ. ಹೇಳಿದರೆ ಏನಾದೀತೋ, ಹೇಳದಿದ್ದರೆ ಏನಾದೀತೋ!

"ಆಫೀಸಿನಾಗ ಏನು ಕೆಲಸವ್ವ ನಿಂದು? ಕಂಪ್ಯೂಟರಾ?" ಸುವರ್ಣಮ್ಮ ಕೇಳಿದರು.

ರೇವಣಸಿದ್ದ ತಟಕ್ಕನೆ ಹಾರನ್ ಹೊಡೆದು, "ಅವ್ವಾ, ನವಿಲು ನೋಡು!" ಎಂದ. ನವಿಲೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ರಾಮಗಡದ ಗುಡ್ಡ ಹತ್ತಿ ಕಣಿವೆ ನೋಡಿದರು, ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಇಳಿದ ಮೇಲೆ ಕೆಳಗಿನ ಗುಡಿಗೆ ಹೋಗುವುದಿತ್ತು. ದೇವರಿಗೆಂದು ತಂದಿದ್ದ ತೆಂಗಿನಕಾಯಿ ಕಾರಿನಲ್ಲಿ ಕಾಲಬುಡದ ಚೀಲದಲ್ಲಿತ್ತು. ಅದು ಕಣ್ಣಿಗೆ ಬಿದ್ದದ್ದೇ ಸುವರ್ಣಮ್ಮ ಗಾಬರಿಯಾದರು.

"ಅಯ್ಯ, ದೇವರ ಕಾಯಿ ಕಾಲಾಗ ಇಡ್ತಾರೇನು? ತಗೀರಿ!" ಎಂದು ತಾವೇ ಎತ್ತಿ, ಅರಿಶಿನ ಹಚ್ಚಿ, ಸ್ಟೀರಿಂಗಿನ ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಕೈಮುಗಿದರು.

ಅಲ್ಲಿಡಬಾರದೆಂದು ಸುಧಾರಾಣಿಗೆ ಗೊತ್ತಿತ್ತು. ಓಡಿಸುವವರ ಮುಂದೆ ಸಡಿಲವಾಗಿ ಒಂದು ಸ್ಪ್ಯಾನರನ್ನೂ ಇಡಬಾರದೆಂದು ಗಣಿಯಲ್ಲಿ ಕಲಿತವಳು ಅವಳು. ಹೇಳಬೇಕೆಂದು ಬಾಯಿ ತೆರೆದಳು. ಆಫೀಸಿನ ಹುಡುಗಿಗೆ ಇದೆಲ್ಲ ಹೇಗೆ ಗೊತ್ತು ಎಂದುಬಿಟ್ಟರೆ? ಹೆದರಿ ಬಾಯಿ ಮುಚ್ಚಿಕೊಂಡಳು.

ಇಳಿಯುವಾಗ ಕಾರು ಎರಡು ತಿರುವನ್ನು ಸುಸೂತ್ರವಾಗಿ ದಾಟಿತು. ಮೂರನೆಯದರಲ್ಲಿ ಕಾಯಿ ಉರುಳಿತು. ಸ್ಟೀರಿಂಗಿಗೆ ಬಡಿದು ಕೆಳಗೆ ಬಿದ್ದು, ಸೀದಾ ಬ್ರೇಕಿನ ಹಿಂದೆ ಹೋಗಿ ಸಿಕ್ಕಿಕೊಂಡಿತು.

ಅವನು ಬ್ರೇಕ್ ತುಳಿದ. ಪೆಡಲು ಇಳಿಯಲಿಲ್ಲ.

"ಸುಧಾ, ಬ್ರೇಕ್... ಬ್ರೇಕ್ ಹತ್ತವಲ್ದು!"

"ಕಾಯಿ ತುಳೀಬ್ಯಾಡೋ! ಕಾಲು ತಗಿ!" ಹಿಂದಿನಿಂದ ತಾಯಿ ಚೀರಿದರು. ಅವನು ನಿಜಕ್ಕೂ ಎರಡೂ ಕಾಲು ಮೇಲೆತ್ತಿಬಿಟ್ಟ! ಮುಂದೆ ಅದಿರು ತುಂಬಿದ ಲಾರಿಯೊಂದು ನಿಧಾನವಾಗಿ ಇಳಿಯುತ್ತಿತ್ತು. ಎಡಕ್ಕೆ ಕಣಿವೆ. ದೊಡ್ಡಬಸಪ್ಪ ಎಚ್ಚರಾಗಿ "ಶಿವ ಶಿವಾ" ಅನ್ನತೊಡಗಿದರು.

ಸುಧಾರಾಣಿಗೆ ಜೀವ ಬಾಯಿಗೆ ಬಂದಿತ್ತು. ಡಂಪರಿನಲ್ಲಿ ಒಮ್ಮೆಯೂ ಇಷ್ಟು ಹೆದರಿದವಳಲ್ಲ. ಇಲ್ಲಿ ಪಕ್ಕದಲ್ಲಿ ಅವನಿದ್ದ, ಅವನು ಸಾಯಬಾರದಿತ್ತು.

"ಕ್ಲಚ್ ಒತ್ತು! ಒತ್ತಲೇ!" ಎಂದು ಗದರಿದಳು. ಅವನು ಒತ್ತಿದ. ಅವಳು ಗೇರನ್ನು ಎರಡಕ್ಕೆಳೆದಳು. "ಬಿಡು ಕ್ಲಚ್! ಸಾವಕಾಶ!" ಇಂಜಿನ್ ಗುರ್ರೆಂದು ಕಾರು ಮುಗ್ಗರಿಸಿತು. ಹ್ಯಾಂಡ್‌ಬ್ರೇಕನ್ನು ಬಿಡುತ್ತ ಹಿಡಿಯುತ್ತ ಸ್ವಲ್ಪಸ್ವಲ್ಪವೇ ಎಳೆದಳು, ಇನ್ನೊಂದು ಕೈಯಿಂದ ಸ್ಟೀರಿಂಗನ್ನು ಬಲಕ್ಕೆ, ಗುಡ್ಡದ ಕಡೆಗೆ ತಿರುಗಿಸಿದಳು. ಕಾರು ಕೆಮ್ಮಣ್ಣಿನ ದಿಬ್ಬಕ್ಕೆ ಪಕ್ಕೆ ಉಜ್ಜಿಕೊಂಡು ನಿಂತಿತು.

ರೇವಣಸಿದ್ದ ಸ್ಟೀರಿಂಗನ್ನು ಇನ್ನೂ ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ. ಅವಳು ಆ ಕೈಗಳನ್ನು ಒಂದು ಗಳಿಗೆ ಹಿಡಿದುಕೊಂಡಳು, ಅತ್ತೆಯಾಗುವವರು ನೋಡುತ್ತಿದ್ದಾರೆಂಬುದನ್ನೂ ಮರೆತು. ಆಮೇಲೆ ಬಗ್ಗಿ ಕಾಯಿಯನ್ನು ಎಳೆದು ತೆಗೆದಳು.

"ನಂಗಾಗಲ್ಲ ಸುಧಾ. ನೀನ ಓಡ್ಸು," ಎಂದ ಅವನು.

ಅವಳು ಅವನ ಸೀಟಿಗೆ ಬಂದು ಕೂತು, ಬ್ರೇಕನ್ನು ನಾಲ್ಕು ಸಲ ತುಳಿದು ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಇಳಿಜಾರನ್ನು ಇಳಿಸಿದಳು. ಕೆಳಗೆ ಬೇವಿನ ಮರದ ನೆರಳಲ್ಲಿ ನಿಲ್ಲಿಸಿದಾಗ ಸುವರ್ಣಮ್ಮ ಬಾಯಿಬಿಟ್ಟರು.

"ಎಲ್ಲಿ ಕಲ್ತಿ ಇದನ್ನ?"

ಉತ್ತರ ಹೇಳಬೇಕಾದವನು ರೇವಣಸಿದ್ದ. ಕನ್ನಡಿಯಲ್ಲಿ ಸುವರ್ಣಮ್ಮನ ಕಣ್ಣು ಕಾಣುತ್ತಿತ್ತು. ಈಗಲೂ ಇವನು ನವಿಲು ತೋರಿಸಿದರೆ ಬಾಗಿಲು ತೆಗೆದು ವಡ್ಡುವಿನವರೆಗೆ ನಡೆದುಹೋಗುತ್ತೇನೆ, ಮುಗಿಯಿತು ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ಅಳು ಬಂತು.

"ಅವ್ವಾ," ಎಂದ ರೇವಣಸಿದ್ದ. "ಆಕಿ ಆಫೀಸಿನಾಗ ಇಲ್ಲ. ಅದಿರಿನ ಡಂಪರ್ ಓಡಸ್ತಾಳ. ಆಕಿ ಹೇಳೋಣ ಅಂದ್ಲು, ನಾನ ಬ್ಯಾಡಂದೆ. ನಿನಗ ಸುಳ್ಳು ಹೇಳಿದವ ನಾನು. ಬೈಯೋದಿದ್ರ ನನಗ ಬೈ. ಆದ್ರ ಆಕೀನ್ನ ಬಿಟ್ಟು ನಾ ಬದುಕಂಗಿಲ್ಲ."

ಸುವರ್ಣಮ್ಮ ಕಾರಿನಿಂದಿಳಿದರು. ಸುತ್ತಿ ಬಂದು ಸುಧಾರಾಣಿಯ ಬಾಗಿಲ ಬಳಿ ನಿಂತರು. ಬೈಗುಳ ಬಂದೇ ಬರುತ್ತದೆಂದು ಅವಳು ಕಣ್ಣು ಮುಚ್ಚಿಕೊಂಡಳು.

"ಒಂದು ಮಾತು ಕೇಳ್ತೀನಿ, ಖರೇ ಹೇಳು. ಅಷ್ಟು ಎತ್ತರದಾಗ ಕುಂತಾಗ, ಮುಂದ ಗಾಲಿ ಹತ್ರ ಯಾರರ ನಿಂತಿದ್ರ ನಿನಗ ಕಾಣಸ್ತದೇನು?"

ಕಾಣುತ್ತದೆ ಎಂದರೆ ಒಳ್ಳೆಯ ಡ್ರೈವರ್ ಅನ್ನಿಸಿಕೊಳ್ಳಬಹುದಿತ್ತು. ಮದುವೆಯೂ ನಡೆದೀತು.

"ಇಲ್ಲ್ರಿ," ಎಂದಳು. "ಭಾಳ ಹತ್ರ ಇದ್ರ ಕಾಣಂಗಿಲ್ರಿ. ಅದಕ್ಕ ನನಗ ದಿನಾ ಅಂಜಿಕಿ. ಗಾಡಿ ಬಿಡೂಕಿಂತ ಮೊದ್ಲು ಸುತ್ತ ಒಂದು ರೌಂಡ್ ನಡದು ನೋಡ್ತೀನ್ರಿ, ಹಾರನ್ ಹೊಡೀತೀನ್ರಿ. ಆದ್ರೂ ಅಂಜಿಕಿ ಹೋಗಂಗಿಲ್ಲ."

ಸುವರ್ಣಮ್ಮ ಬಾಗಿಲನ್ನು ಹಿಡಿದುಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಅಂದ್ರ ಆ ಲಾರಿಯವ ನನ್ನ ತಮ್ಮನ್ನ ನೋಡೇ ಇರಲಿಕ್ಕಿಲ್ಲ," ಎಂದರು. "ಕಂಡೂ ಹಾಯ್ಸಿದ ಅಂತ ಹದಿಮೂರು ವರ್ಷ ಶಾಪ ಹಾಕೀನವ್ವ."

ಸುಧಾರಾಣಿ ಇಳಿದು ಆಕೆಯನ್ನು ತಬ್ಬಿಕೊಂಡಳು. ಯಾರು ಯಾರಿಗೆ ಸಮಾಧಾನ ಹೇಳುತ್ತಿದ್ದಾರೆಂದು ಇಬ್ಬರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸುವರ್ಣಮ್ಮ ಮೂಗೊರೆಸಿಕೊಂಡು ಗಂಡನನ್ನು ಕೂಗಿದರು.

"ಏನ್ರಿ, ಎಚ್ರಿದ್ದೀರಾ? ವಡ್ಡು ಇಲ್ಲೇ ಹತ್ರ ಐತಂತ. ಎರ್ರೆಪ್ಪನವರು ಮನಿಯಾಗ ಇರ್ತಾರೇನು ಕೇಳ್ರಿ. ಹೆಣ್ಣು ಕೇಳಿಕೊಂಡ ಹೋಗೂಣು."

ರೇವಣಸಿದ್ದ ಕಾರಿಳಿದು ಓಡಿ ಬಂದ. ಸುಧಾರಾಣಿ ಒದ್ದೆ ಕಣ್ಣಲ್ಲೇ ಅವನನ್ನು ನೋಡಿದಳು.

"ಇನ್ನೂ ಅಂಜಿಕಿ ಬರಾಕತ್ತೈತೇನು?" ಎಂದು ಅವನು ಪಿಸುಗುಟ್ಟಿದ.

"ಹೂಂ," ಎಂದಳು. "ನಮ್ಮವ್ವಗ ನಮ್ಮಿಬ್ಬರ ಸುದ್ದಿ ಇನ್ನೂ ಏನೂ ಹೇಳಿಲ್ಲ. ಈಗ ನೀವ ಹೇಳ್ರಿ."